ಮಂಡಿನೋವಿನ ಮಾತ್ರೆ ಮತ್ತು ಬಿಪಿ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನಗೆ 64 ವರ್ಷ. ಮಂಡಿ ಸವೆದಿದೆ ಎಂದು ಡಾಕ್ಟರು ಅಸೆಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆಯನ್ನು ಹತ್ತು ದಿನಕ್ಕೆ ಬರೆದುಕೊಟ್ಟಿದ್ದರು. ಹಿತವಾಯಿತೆಂದು ಅದೇ ಚೀಟಿ ತೋರಿಸಿ ನಾಲ್ಕು ತಿಂಗಳಿಂದ ದಿನಕ್ಕೆರಡು ನುಂಗುತ್ತಿದ್ದೇನೆ. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಜೈಡ್ ಇವೆ. ಈಚೆಗೆ ಪಾದ ಊದುತ್ತಿದೆ, ಬಿಪಿ 150ರಿಂದ ಇಳಿಯುತ್ತಿಲ್ಲ. ಬಿಪಿ ಮಾತ್ರೆ ಹೆಚ್ಚಿಸಲೇ?
– ಓದುಗರು, ತಿಪಟೂರು

ಉತ್ತರ: ಹೆಚ್ಚಿಸಬೇಡಿ, ಬಿಡಲೂ ಬೇಡಿ. ಇವತ್ತೇ ನಿಲ್ಲಿಸಬೇಕಾದ್ದು ಅಸೆಕ್ಲೊಫೆನಾಕ್ ಇರುವ ನೋವಿನ ಮಾತ್ರೆ. ಕೀಲಿನ ಊತ, ನೋವು ಹೆಚ್ಚಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಅದು ತಡೆಯುತ್ತದೆ. ತೊಡಕೇನೆಂದರೆ, ಹೊಟ್ಟೆಯ ಒಳಪದರವನ್ನು ಕಾಯುವುದೂ ಕಿಡ್ನಿಗೆ ರಕ್ತ ತರುವ ನಾಳವನ್ನು ತೆರೆದಿಡುವುದೂ ಅದೇ ರಾಸಾಯನಿಕ. ಹೈಡ್ರೋಕ್ಲೋರೋಥಯಜೈಡ್ ಮೈಯ ನೀರನ್ನು ಹೊರಹಾಕುತ್ತದೆ, ಟೆಲ್ಮಿಸಾರ್ಟನ್ ಕಿಡ್ನಿಯಿಂದ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ನೋವಿನ ಮಾತ್ರೆ ಒಳಬರುವ ನಾಳವನ್ನು ಬಿಗಿಯುತ್ತದೆ. ಮೂರೂ ಕೂಡಿದರೆ ರಕ್ತ ಸೋಸಲು ಬೇಕಾದ ಒತ್ತಡವೇ ಕಿಡ್ನಿಯಲ್ಲಿ ಉಳಿಯುವುದಿಲ್ಲ. ಭೇದಿಯಾದ ದಿನ, ನೀರು ಕುಡಿಯದೆ ಬಿಸಿಲಲ್ಲಿ ಓಡಾಡಿದ ದಿನ ಅಪಾಯ ಇನ್ನೂ ಹೆಚ್ಚು. ಉಪ್ಪು, ನೀರು ಮೈಯಲ್ಲಿ ನಿಂತು ಪಾದ ಊದುತ್ತದೆ, ಬಿಪಿ ಮಾತ್ರೆ ನಾಟುವುದಿಲ್ಲ.

ಈ ವಾರವೇ ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆ), ಪೊಟ್ಯಾಸಿಯಂ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಎಲ್ಲ ಮಾತ್ರೆಗಳ ಪಟ್ಟಿಯೊಂದಿಗೆ ಬಿಪಿ ನೋಡುವ ಡಾಕ್ಟರನ್ನು ಕಾಣಿ. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಮೂತ್ರ ತೀರಾ ಕಡಿಮೆಯಾದರೆ, ಉಸಿರು ಕಟ್ಟಿದರೆ ಅದೂ ತುರ್ತೇ. ಆಗ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆಸ್ಪತ್ರೆಗೆ ಹೋಗಿ.

‘ಊಟದ ಮೇಲೆ ನುಂಗಿದರೆ ಏನೂ ಆಗಲ್ಲ’ ಎಂಬುದು ಅರ್ಧ ನಿಜ. ಊಟ ಉರಿಯನ್ನು ತಗ್ಗಿಸೀತು. ಹುಣ್ಣಾಗುವುದು ಮಾತ್ರೆ ರಕ್ತ ಸೇರಿದ ಮೇಲೂ ನಡೆಯುವ ಕೆಲಸ. ತಿಂಡಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳುವ ಪ್ಯಾಂಟೊಪ್ರಜೋಲ್ ಹೊಟ್ಟೆಯನ್ನು ಕಾಪಾಡುತ್ತದೆ, ಕಿಡ್ನಿಯನ್ನಲ್ಲ.

ಸದ್ಯಕ್ಕೆ ನೋವಿದ್ದಾಗ ಬರೀ ಪ್ಯಾರಾಸಿಟಮಾಲ್ 500 ಅಥವಾ 650 ಮಿ.ಗ್ರಾಂ ಸಾಕು. ಎರಡು ಸಲದ ನಡುವೆ ಆರು ಗಂಟೆ ಬಿಡಿ, ದಿನಕ್ಕೆ 3 ಗ್ರಾಂ ದಾಟಬೇಡಿ. ಲಿವರ್ ತೊಂದರೆ ಇದ್ದವರು, ಕುಡಿಯುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಡೋಲೋ, ಕ್ಯಾಲ್ಪಾಲ್, ಶೀತದ ಹಲವು ಮಾತ್ರೆಗಳು, ಎಲ್ಲದರಲ್ಲೂ ಇರುವುದು ಪ್ಯಾರಾಸಿಟಮಾಲೇ. ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರ ಓದಿಸಿಕೊಳ್ಳಿ. ಜೊತೆಗೆ ಕುರ್ಚಿಯಲ್ಲಿ ಕೂತು ಕಾಲನ್ನು ನೆಟ್ಟಗೆ ಚಾಚಿ ಐದು ಎಣಿಸುವವರೆಗೆ ಹಿಡಿಯಿರಿ, ಪ್ರತಿ ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಫಲ ಕಾಣಲು ಆರೆಂಟು ವಾರ ಬೇಕು.

ಪ್ರಶ್ನೆ: ಡೈಕ್ಲೊಫೆನಾಕ್ ಜೆಲ್ ಹಚ್ಚಿದರೂ ಅಮ್ಮನ ಮಂಡಿನೋವು ಹೋಗುತ್ತಿಲ್ಲ. 30 ಗ್ರಾಂ ಟ್ಯೂಬ್ ಒಂದೂವರೆ ತಿಂಗಳು ಬರುತ್ತದೆ. ಹಚ್ಚಿದ ಮೇಲೆ ಬಿಸಿನೀರಿನ ಶಾಖವನ್ನೂ ಕೊಡುತ್ತೇವೆ.
– ಓದುಗರು, ಶಿರಸಿ

ಉತ್ತರ: ಟ್ಯೂಬ್ ಅಷ್ಟು ದಿನ ಬರುತ್ತಿದೆ ಎಂದರೆ ಹಚ್ಚುತ್ತಿರುವುದು ಸಾಲದು. ಒಂದು ಮಂಡಿಗೆ ಒಂದು ಸಲಕ್ಕೆ 2 ಗ್ರಾಮಾದರೂ ಬೇಕು. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅಂಥ ನಾಲ್ಕು. ದಿನಕ್ಕೆ ಮೂರು ಸಲ ಹಚ್ಚಿದರೆ ಟ್ಯೂಬ್ ಐದೇ ದಿನ! ಒಂದೆರಡು ವಾರ ಹೀಗೆ ಹಚ್ಚಿ ನೋಡಿ. ಶಾಖವನ್ನು ಜೆಲ್ಲಿಗೆ ಮುಂಚೆಯೇ ಮುಗಿಸಿ, ಚರ್ಮ ತಣ್ಣಗಾದ ಮೇಲೆ ಹಚ್ಚಿ. ಬಿಸಿ ಚರ್ಮ ಔಷಧವನ್ನು ಹೆಚ್ಚು ಎಳೆದುಕೊಳ್ಳುತ್ತದೆ, ಸುಡಲೂಬಹುದು. ಗಾಯದ ಮೇಲೆ ಬೇಡ, ಬಟ್ಟೆ ಬಿಗಿದು ಕಟ್ಟುವುದೂ ಬೇಡ. ಜೆಲ್ಲಿನಿಂದ ರಕ್ತಕ್ಕೆ ಸೇರುವ ಔಷಧ ಮಾತ್ರೆಗಿಂತ ಬಹಳ ಕಡಿಮೆ. ಆದರೂ ಅವರಿಗೆ ಕಿಡ್ನಿ ತೊಂದರೆ ಇದ್ದರೆ ಕೇಳಿಯೇ ಹಚ್ಚಿ.

ಪ್ರಶ್ನೆ: ಮೂರು ದಿನದಿಂದ ಜ್ವರ, ಗಂಟುಗಂಟೂ ಹಿಡಿದಿದೆ. ಚಿಕುನ್‌ಗುನ್ಯಾ ಇರಬೇಕೆಂದು ಮೆಡಿಕಲ್ ಸ್ಟೋರಿನವರು ಡೈಕ್ಲೊಫೆನಾಕ್ ಕೊಟ್ಟಿದ್ದಾರೆ. ತೆಗೆದುಕೊಳ್ಳಬಹುದೆ?
– ಓದುಗರು, ಹಾವೇರಿ

ಉತ್ತರ: ಈಗ ಬೇಡ. ಡೆಂಗಿಯೂ ಹೀಗೆಯೇ ಶುರುವಾಗುತ್ತದೆ, ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿದಾಗ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಡೆಂಗಿ ಪತ್ತೆಯ ಎನ್ಎಸ್1 ರಕ್ತಪರೀಕ್ಷೆಗೆ ಜ್ವರದ ಮೊದಲ ಐದು ದಿನ ಸರಿಯಾದ ಸಮಯ. ಪ್ಲೇಟ್‌ಲೆಟ್ ಎಣಿಕೆಯೊಂದಿಗೆ ಇವತ್ತೇ ಮಾಡಿಸಿ. ಎನ್ಎಸ್1 ನೆಗೆಟಿವ್ ಬಂದ ಮಾತ್ರಕ್ಕೆ ಡೆಂಗಿ ಇಲ್ಲವೆಂದು ಖಚಿತವಲ್ಲ, ಡೈಕ್ಲೊಫೆನಾಕ್ ಯಾವಾಗ ಎಂಬುದನ್ನು ಡಾಕ್ಟರೇ ಹೇಳಲಿ. ಅಲ್ಲಿವರೆಗೆ ಪ್ಯಾರಾಸಿಟಮಾಲ್, ಗಂಜಿ, ಎಳನೀರು.