ಸಲಹೆ ಕೊಡದ ಆಪ್ತಸಮಾಲೋಚಕಿ

ಪ್ರಶ್ನೆ: ಕೆಲಸದ ಒತ್ತಡ ಮತ್ತು ಬಹುಕಾಲದ ನಿದ್ರಾಹೀನತೆಯಿಂದಾಗಿ ಆಪ್ತಸಮಾಲೋಚಕಿಯೊಬ್ಬರನ್ನು ಕಾಣುತ್ತಿದ್ದೇನೆ. ‘ನಾನೇನು ಮಾಡಲಿ?’ ಎಂದರೆ ‘ನಿಮಗೇನು ಅನ್ನಿಸುತ್ತದೆ?’ ಎಂದು ನನ್ನನ್ನೇ ಕೇಳುತ್ತಾರೆ. ಗೆಳತಿಯ ಸಮಾಲೋಚಕರಾದರೋ ಪ್ರತಿ ವಾರವೂ ಹೋಮ್‌ವರ್ಕ್ ಕೊಟ್ಟು ಕಳಿಸುತ್ತಾರೆ. ನನ್ನವರಿಗೆ ಅನುಭವ ಸಾಲದೆ? ಬೇರೆಯವರನ್ನು ನೋಡಲೆ?

ಉತ್ತರ: ಸಲಹೆ ಕೊಡದಿರುವುದನ್ನೇ ಅನುಭವದ ಕೊರತೆಯೆಂದು ಭಾವಿಸಬೇಡಿ. ನೀವು ವರ್ಣಿಸಿರುವ ರೀತಿಯು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ಪರಂಪರೆಗೆ ಸೇರಿದಂತೆ ಕಾಣುತ್ತದೆ. ಎದುರಿಗಿರುವವರ ಅನುಭವವನ್ನು ಅವರ ಕಣ್ಣಿನಿಂದಲೇ ನೋಡುವುದು, ಷರತ್ತಿಲ್ಲದೆ ಗೌರವಿಸುವುದು, ತಾನು ಮುಖವಾಡ ತೊಡದಿರುವುದು, ಇವು ಬದಲಾವಣೆಗೆ ಅವಶ್ಯವೆಂದು ಅವರು 1957ರ ಲೇಖನವೊಂದರಲ್ಲಿ ವಾದಿಸಿದರು. 1965ರಲ್ಲಿ ಬಿಡುಗಡೆಯಾದ ಒಂದು ತರಬೇತಿ ಚಿತ್ರದಲ್ಲಿ ಒಬ್ಬಳೇ ಮಹಿಳೆ ರೋಜರ್ಸ್, ಫ್ರಿಟ್ಜ್ ಪರ್ಲ್ಸ್, ಆಲ್ಬರ್ಟ್ ಎಲ್ಲಿಸ್ ಎಂಬ ಮೂವರು ಮನೋಚಿಕಿತ್ಸಕರೊಂದಿಗೂ ಮಾತನಾಡುತ್ತಾಳೆ. ತನ್ನ ಖಾಸಗಿ ಜೀವನದ ಸತ್ಯವನ್ನು ಮಗಳಿಗೆ ಹೇಳಬೇಕೋ ಬೇಡವೋ ಎಂದು ಅವಳು ನೇರ ಉತ್ತರಕ್ಕಾಗಿ ಒತ್ತಾಯಿಸಿದರೂ ರೋಜರ್ಸ್ ನಿರ್ಧಾರವನ್ನು ಅವಳಿಂದ ಕಿತ್ತುಕೊಳ್ಳುವುದಿಲ್ಲ; ಪರ್ಲ್ಸ್, ‘ಹೆದರಿಕೆ’ ಎನ್ನುತ್ತಲೇ ಅವಳು ನಗುತ್ತಿರುವುದನ್ನು ಎತ್ತಿ ತೋರಿಸಿ ಕೆಣಕುತ್ತಾರೆ; ಎಲ್ಲಿಸ್ ಅವಳ ನಂಬಿಕೆಗಳೊಂದಿಗೇ ವಾದಕ್ಕಿಳಿಯುತ್ತಾರೆ. ಮೂವರೂ ತಮ್ಮ ಕ್ಷೇತ್ರದಲ್ಲಿ ಪಳಗಿದವರೇ.

ಗೆಳತಿಯ ಸಮಾಲೋಚಕರದು ಬಹುಶಃ ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ, ಆಲೋಚನೆಯ ರೀತಿಯನ್ನು ತಿದ್ದುವ ಅರಿವಿನ ಚಿಕಿತ್ಸೆಯ ದಾರಿ. ಅಲ್ಲಿ ಆಲೋಚನೆಗಳನ್ನು ಬರೆದು ಪರೀಕ್ಷಿಸುವುದು ಚಿಕಿತ್ಸೆಯ ಭಾಗವೇ ಆಗಿರುತ್ತದೆ.

ಆದರೂ ನಿಮ್ಮ ಅಸಮಾಧಾನದಲ್ಲಿ ಒಂದು ನ್ಯಾಯವಾದ ಅಂಶವಿದೆ. ಮಾತಿನ ಧಾಟಿ, ಮೌನದ ಪ್ರಮಾಣ, ಹಾಸ್ಯ ಇವೆಲ್ಲ ಸಮಾಲೋಚಕರ ಸ್ವಭಾವಕ್ಕೆ ಬಿಟ್ಟದ್ದು. ಯಾವ ತೊಂದರೆಗೆ ಯಾವ ವಿಧಾನ ಎಂಬುದು ಹಾಗಲ್ಲ. ದೀರ್ಘಕಾಲದ ನಿದ್ರಾಹೀನತೆಗೆ ಅರಿವು ಮತ್ತು ವರ್ತನೆಗಳೆರಡನ್ನೂ ತಿದ್ದುವ ವಿಶೇಷ ಚಿಕಿತ್ಸೆಯಿದ್ದು, ಅಮೆರಿಕದ ವೈದ್ಯರ ಸಂಘಟನೆಯೊಂದು 2016ರಲ್ಲಿ ವಯಸ್ಕರಿಗೆ ಮೊದಲು ಅದನ್ನೇ ಕೊಡಬೇಕೆಂದು ಶಿಫಾರಸು ಮಾಡಿದೆ. ಮಲಗಿದ, ಎದ್ದ ಹೊತ್ತುಗಳನ್ನು ದಿನವೂ ಬರೆದಿಡುವುದು, ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಬಂದು ಕಣ್ಣು ಎಳೆಯುವಾಗ ಮತ್ತೆ ಮಲಗುವುದು, ರಾತ್ರಿ ಹೇಗೆ ಕಳೆದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು ಇದರಲ್ಲಿ ಸೇರಿವೆ. ಕೆಲಸದ ಒತ್ತಡದ ಕುರಿತು ನಿಮ್ಮ ಸಮಾಲೋಚಕಿಯ ತಾಳ್ಮೆಯ ಆಲಿಸುವಿಕೆ ಉಪಯುಕ್ತವೇ ಇರಬಹುದು. ನಿದ್ದೆಯ ವಿಷಯದಲ್ಲಿ ಅದಷ್ಟೇ ಸಾಲದು ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಮುಂದಿನ ಭೇಟಿಯಲ್ಲಿ ಇದನ್ನೇ ಕೇಳಿ: ‘ನೀವು ಸಲಹೆ ಕೊಡದಿರುವುದಕ್ಕೆ ಕಾರಣವೇನು? ನನ್ನ ನಿದ್ದೆಯ ತೊಂದರೆಗೆ ಬೇರೆ ವಿಧಾನವಿದೆಯೆ? ಅದರಲ್ಲಿ ನಿಮಗೆ ತರಬೇತಿಯಿದೆಯೆ?’ ಒಳ್ಳೆಯ ಸಮಾಲೋಚಕರು ಇಂಥ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ. ಗುರಿ, ಅದಕ್ಕಾಗಿ ಮಾಡಬೇಕಾದ ಕೆಲಸ, ಪರಸ್ಪರ ವಿಶ್ವಾಸ ಈ ಮೂರೂ ಕೂಡಿದರೆ ಮಾತ್ರ ಚಿಕಿತ್ಸೆಯ ಸಂಬಂಧ ಗಟ್ಟಿಯಾಗುತ್ತದೆಂದು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಬರೆದರು. ನಿಮ್ಮಲ್ಲಿ ಎರಡನೆಯದರ ಬಗ್ಗೆ ಮಾತುಕತೆಯೇ ನಡೆದಂತಿಲ್ಲ. ಕೇಳಿದ ಮೇಲೂ ಸ್ಪಷ್ಟ ಉತ್ತರ ಸಿಗದಿದ್ದರೆ ಬದಲಾಯಿಸಲು ಸಂಕೋಚ ಬೇಡ.

ಪ್ರಶ್ನೆ: ನನ್ನ ಥೆರಪಿಸ್ಟ್ ಆಗಾಗ ತಮ್ಮ ವಿವಾಹದ ಕಷ್ಟಗಳನ್ನು ಹೇಳಿಕೊಳ್ಳುತ್ತಾರೆ. ಇದೂ ಒಂದು ಶೈಲಿಯೆ?

ಉತ್ತರ: ನಿಮ್ಮ ಮಾತಿಗೆ ಅನುಕೂಲವಾಗಲೆಂದು ಎಂದಾದರೊಮ್ಮೆ ಸ್ವಂತ ಅನುಭವದ ಒಂದೆರಡು ವಾಕ್ಯ ಹೇಳುವುದುಂಟು. ಆದರೆ ನೀವೇ ಅವರನ್ನು ಸಮಾಧಾನಪಡಿಸುವ ಸ್ಥಿತಿ ಬಂದಿದ್ದರೆ ಅದನ್ನು ಶೈಲಿಯೆನ್ನಲಾಗದು. ಅದು ವೃತ್ತಿಯ ಮೇರೆ ಮೀರಿದ್ದು. ಒಮ್ಮೆ ನೇರವಾಗಿ ಹೇಳಿ ನೋಡಿ. ಮುಂದುವರಿದರೆ ಬೇರೆಯವರನ್ನು ಹುಡುಕಿಕೊಳ್ಳಿ.