ಶಬ್ದಕ್ಕಿಂತ ವೇಗದ ಬಾಂಬರ್: ದುಡ್ಡು ಹೋಗುವುದು ಎಲ್ಲಿಗೆ?

ಪ್ರಶ್ನೆ: 2021ರ ಏರೋ ಇಂಡಿಯಾ ನಡೆದಾಗ ಅಮೆರಿಕದ ಬಿ-1ಬಿ ಬಾಂಬರನ್ನು ನಮ್ಮ ಮನೆ ತಾರಸಿಯಿಂದಲೇ ನೋಡಿದ್ದೆವು. ಜೊತೆಗಿದ್ದ ತೇಜಸ್ ಅದರ ಮರಿಯ ಹಾಗೆ ಕಾಣುತ್ತಿತ್ತು. ಇಂಥ ವಿಮಾನ ದಾರಿಯುದ್ದಕ್ಕೂ ಶಬ್ದಕ್ಕಿಂತ ವೇಗವಾಗಿ ಹೋಗುತ್ತದೆಯೇ? ಇದಕ್ಕೆ ಖರ್ಚು ಎಷ್ಟು? ನಮ್ಮ ವಾಯುಪಡೆ ಒಂದಷ್ಟನ್ನು ಯಾಕೆ ಕೊಳ್ಳಬಾರದು?
(ಯಲಹಂಕದ ಓದುಗರು)

ಉತ್ತರ: ನೀವು ನೋಡಿದ್ದು ಸಣ್ಣ ಸಂಗತಿಯಲ್ಲ. ಸ್ವತಂತ್ರ ಭಾರತದ ನೆಲದಲ್ಲಿ ಅಮೆರಿಕದ ಬಾಂಬರ್ ಇಳಿದದ್ದು ಅದೇ ಮೊದಲು. ಅದರ ಪೈಲಟ್‌ಗಳು ಇದನ್ನು ಪ್ರೀತಿಯಿಂದ 'ಬೋನ್' ಅನ್ನುತ್ತಾರೆ. 'ಬಿ-ಒನ್' ಅನ್ನು ಕೂಡಿಸಿ ಓದಿದರೆ ಬರುವ ಹೆಸರು, ಅಷ್ಟೇ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ. ದಾರಿಯ ಬಹುಪಾಲು ಅದು ಹೋಗುವುದು ನೀವು ದೆಹಲಿಗೆ ಹೋಗುವ ವಿಮಾನದಷ್ಟೇ ವೇಗದಲ್ಲಿ. ಶಬ್ದದ ವೇಗ ದಾಟಬೇಕಾದರೆ ಆಫ್ಟರ್‌ಬರ್ನರ್ ಹಚ್ಚಬೇಕು. ಅಂದರೆ ಎಂಜಿನ್ನಿನಿಂದ ಹೊರಬರುವ ಬಿಸಿ ಗಾಳಿಗೆ ಮತ್ತೊಮ್ಮೆ ಇಂಧನ ಸುರಿದು ಉರಿಸುವುದು. ನೂಕುಬಲವೇನೋ ಜೋರಾಗಿ ಏರುತ್ತದೆ. ಆದರೆ ಟ್ಯಾಂಕು ನೋಡನೋಡುತ್ತಲೇ ಖಾಲಿಯಾಗುತ್ತದೆ. ಹಾಗಾಗಿ ಆ ವೇಗ ಇರುವುದು ಅಪಾಯದ ಜಾಗಕ್ಕೆ ನುಗ್ಗಲು, ಅಲ್ಲಿಂದ ತಪ್ಪಿಸಿಕೊಂಡು ಬರಲು. ದಿನಬಳಕೆಗೆ ಅಲ್ಲ.

ಈ ವೇಗದ ಹಿಂದೆ ಒಂದು ಕಥೆ ಇದೆ. 1950ರ ದಶಕದಲ್ಲಿ ಎಲ್ಲರಿಗೂ ಇದ್ದ ನಂಬಿಕೆ ಒಂದೇ: ಇನ್ನೂ ಎತ್ತರ, ಇನ್ನೂ ವೇಗ ಹೋದರೆ ಯಾರ ಕೈಗೂ ಸಿಗುವುದಿಲ್ಲ. ಅದೇ ಯೋಚನೆಯಲ್ಲಿ ಶಬ್ದದ 3 ಪಟ್ಟು ವೇಗದ ಬಾಂಬರ್ ಎಕ್ಸ್‌ಬಿ-70 ಹುಟ್ಟಿತು. ಆದರೆ 1960ರ ಮೇ 1ರಂದು ಸೋವಿಯತ್ ಕ್ಷಿಪಣಿ ಬಹಳ ಎತ್ತರದಲ್ಲಿ ಹಾರುತ್ತಿದ್ದ ಯು-2 ಬೇಹು ವಿಮಾನವನ್ನು ಹೊಡೆದುರುಳಿಸಿತು. ಎತ್ತರದಲ್ಲಿದ್ದರೆ ಸುರಕ್ಷಿತ ಅನ್ನುವ ಧೈರ್ಯ ಅಲ್ಲಿಗೆ ಮುಗಿಯಿತು. ಎಕ್ಸ್‌ಬಿ-70 ಎರಡೇ ಎರಡು ತಯಾರಾದವು. ಅದರಲ್ಲೂ ಒಂದು 1966ರಲ್ಲಿ, ಫೋಟೋ ತೆಗೆಸಿಕೊಳ್ಳಲು ಒಟ್ಟಿಗೆ ಹಾರುತ್ತಿದ್ದಾಗ, ಇನ್ನೊಂದು ವಿಮಾನ ಡಿಕ್ಕಿ ಹೊಡೆದು ಬಿತ್ತು.

ಮುಂದೆ ಬಂದ ಉಪಾಯ ನೆಲ ಹಿಡಿದು ಹೋಗುವುದು. ರೇಡಾರ್ ಕಣ್ಣಿಗೆ ಬೀಳದ ಹಾಗೆ ಗುಡ್ಡ ಕಣಿವೆಗಳ ಮರೆಯಲ್ಲಿ ನುಗ್ಗುವುದು. 1974ರಲ್ಲಿ ಮೊದಲು ಹಾರಿದ ಬಿ-1ಎ ಎರಡನ್ನೂ ಮಾಡಬೇಕಿತ್ತು. ಮೇಲೆ ಶಬ್ದದ ಎರಡು ಪಟ್ಟಿಗೂ ಜಾಸ್ತಿ ವೇಗ, ಕೆಳಗೆ ನೆಲ ಸವರುವ ಹಾರಾಟ. 1977ರಲ್ಲಿ ಅಧ್ಯಕ್ಷ ಕಾರ್ಟರ್ ಖರ್ಚು ಜಾಸ್ತಿಯಾಯಿತು ಅಂತ ಯೋಜನೆ ನಿಲ್ಲಿಸಿದರು. 1981ರಲ್ಲಿ ರೇಗನ್ ಅದನ್ನೇ ಬಿ-1ಬಿ ಎಂಬ ಹೆಸರಲ್ಲಿ ಮತ್ತೆ ಶುರು ಮಾಡಿದರು. ಈ ಸಲ ಎಂಜಿನ್ನಿಗೆ ಗಾಳಿ ಹೋಗುವ ಬಾಯಿಯನ್ನೇ ಬದಲಿಸಿದರು. ಎಂಜಿನ್ನಿನ ಮುಖ ರೇಡಾರಿಗೆ ಕಾಣದಂತೆ ಗಾಳಿಯ ದಾರಿಯನ್ನು ಬಾಗಿಸಿದರು. ಮರೆಯೇನೋ ಸಿಕ್ಕಿತು, ಆದರೆ ವೇಗ ಮ್ಯಾಕ್ 1.25ರ, ಅಂದರೆ ಶಬ್ದದ ವೇಗದ 1.25 ಪಟ್ಟಿನ, ಹತ್ತಿರಕ್ಕೆ ಇಳಿಯಿತು. ಅಂದರೆ ಸೂಪರ್‌ಸಾನಿಕ್ ಅಂತ ಹೆಸರಾದ ಈ ವಿಮಾನ, ಹುಟ್ಟುವಾಗಲೇ ಸುಮಾರು ಅರ್ಧ ವೇಗವನ್ನು ಬಿಟ್ಟುಕೊಟ್ಟಿತ್ತು.

ಹಾಗಾದರೆ ಇದರ ನಿಜವಾದ ಶಕ್ತಿ ಯಾವುದು? ನನ್ನನ್ನು ಕೇಳಿದರೆ, ಹೊಟ್ಟೆ. ಒಳಗೇ ಸುಮಾರು 34 ಟನ್ ಬಾಂಬು, ಕ್ಷಿಪಣಿ ಹಿಡಿಸುತ್ತದೆ. ಇಂಧನ 120 ಟನ್. 12 ಸಾವಿರ ಲೀಟರಿನ ಟ್ಯಾಂಕರ್ ಲಾರಿ ಹನ್ನೆರಡು ಬಂದು ಸುರಿದರೂ ಇನ್ನೂ ಜಾಗ ಉಳಿಯುತ್ತದೆ! ಆದರೆ ಜಾಹೀರಾತಿನ ಅಂಕಿಗಳನ್ನು ಒಮ್ಮೆ ಕೂಡಿ ನೋಡಿ. ಬರೀ ವಿಮಾನದ ತೂಕ ಸುಮಾರು 86 ಟನ್. ಅದಕ್ಕೆ 34, ಮತ್ತೆ 120 ಸೇರಿಸಿದರೆ 240. ಅದು ಹೊತ್ತು ಏರಬಹುದಾದ ಒಟ್ಟು ತೂಕ ಮಾತ್ರ 216 ಟನ್. ಬಾಂಬೂ ಪೂರ್ತಿ, ಇಂಧನವೂ ಪೂರ್ತಿ ಆಗುವುದಿಲ್ಲ. ಒಂದನ್ನು ಕಡಿಮೆ ಮಾಡಲೇಬೇಕು. ಹಾಗಾಗಿ ದೂರದ ಹಾರಾಟಕ್ಕೆ ದಾರಿಯಲ್ಲಿ ಇಂಧನ ತುಂಬುವ ಟ್ಯಾಂಕರ್ ವಿಮಾನಗಳು ಬೇಕು. ಬಾಂಬರ್ ಖರ್ಚಿನ ಲೆಕ್ಕದಲ್ಲಿ ಜನ ಸಾಮಾನ್ಯವಾಗಿ ಮರೆಯುವುದು ಇದನ್ನೇ.

ಇನ್ನು ದುಡ್ಡಿನ ಮಾತು. 100 ವಿಮಾನಗಳಿಗೆ ಅಮೆರಿಕ ಎತ್ತಿಟ್ಟಿದ್ದು 1981ರ ಬೆಲೆಯಲ್ಲಿ 2,050 ಕೋಟಿ ಡಾಲರ್. ಅವರ ವಾಯುಪಡೆಯ ನಂತರದ ಲೆಕ್ಕದಲ್ಲಿ ಒಂದರ ಬೆಲೆ 31.7 ಕೋಟಿ ಡಾಲರ್. ಕೊಳ್ಳುವುದು ಒಮ್ಮೆ, ಸಾಕುವುದು ದಿನಾ. ಒಂದು ಗಂಟೆ ಹಾರಿಸಲು ಸುಮಾರು 60 ಸಾವಿರ ಡಾಲರ್, ನಮ್ಮ ಲೆಕ್ಕದಲ್ಲಿ 50 ಲಕ್ಷ ರೂಪಾಯಿ ಅಂದುಕೊಳ್ಳಿ. 2024ರ ಫೆಬ್ರುವರಿಯಲ್ಲಿ ಈ ವಿಮಾನಗಳು ಅಮೆರಿಕದಿಂದಲೇ ಹೊರಟು ಇರಾಕ್, ಸಿರಿಯಾದಲ್ಲಿ ದಾಳಿ ಮಾಡಿ ಮರಳಿದವು. ಹೋಗಿ ಬರಲು 30 ಗಂಟೆಗೂ ಜಾಸ್ತಿ. ಒಂದು ವಿಮಾನದ ಹಾರಾಟಕ್ಕೇ 15 ಕೋಟಿ ರೂಪಾಯಿ ಆಯಿತು ನೋಡಿ. ಬಾಂಬಿನ ಬೆಲೆ, ಟ್ಯಾಂಕರ್ ವಿಮಾನಗಳ ಖರ್ಚು ಬೇರೆ.

ಇಷ್ಟೊಂದು ಯಾಕೆ ಅಂತ ಕೇಳಬಹುದು. ದೊಡ್ಡ ಕಾರಣ ರೆಕ್ಕೆ. ಗಿಡುಗ ಆಕಾಶದಲ್ಲಿ ಸುತ್ತುವಾಗ ರೆಕ್ಕೆ ಚಾಚುತ್ತದೆ, ಎರಗುವಾಗ ಮಡಚುತ್ತದೆ ಅಲ್ವಾ? ಇದೂ ಹಾಗೆಯೇ. ಏರುವಾಗ, ಇಳಿಯುವಾಗ ರೆಕ್ಕೆ ಚಾಚಿದರೆ ಅಗಲ 41.8 ಮೀಟರ್. ವೇಗಕ್ಕೆ ಹಿಂದೆ ಮಡಚಿದರೆ 24 ಮೀಟರ್. ಇಡೀ ರೆಕ್ಕೆಯ ಭಾರ ಹೊತ್ತು ತಿರುಗುವ ಆ ಕೀಲು, ಅದನ್ನು ತಿರುಗಿಸುವ ಹೈಡ್ರಾಲಿಕ್ಸ್, ನಾಲ್ಕು ಎಂಜಿನ್, ಎಲ್ಲಕ್ಕೂ ಕಣ್ಣಲ್ಲಿ ಕಣ್ಣಿಟ್ಟು ಆರೈಕೆ ಬೇಕು.

ಇದರಲ್ಲೊಂದು ವಿಪರ್ಯಾಸವೂ ಇದೆ. ಅಫ್ಗಾನಿಸ್ತಾನದಲ್ಲಿ ಇವು ವರ್ಷಗಟ್ಟಲೆ ಮಾಡಿದ ಕೆಲಸ, ರೆಕ್ಕೆ ಪೂರ್ತಿ ಚಾಚಿಕೊಂಡು ಮೇಲೆ ನಿಧಾನವಾಗಿ ಸುತ್ತುತ್ತಾ ಕರೆ ಬಂದಾಗ ಬಾಂಬ್ ಹಾಕುವುದು. ಮೊದಲ ಆರು ತಿಂಗಳಲ್ಲಿ ಅಲ್ಲಿ ಬಿದ್ದ ಬಾಂಬುಗಳ ತೂಕದಲ್ಲಿ ಸುಮಾರು 40 ಪ್ರತಿಶತ, ಬರೀ ಎಂಟು ಬಿ-1ಬಿಗಳದ್ದು. ಆದರೆ ವಿಮಾನವನ್ನು ಕಟ್ಟಿದ್ದು ಆ ಕೆಲಸಕ್ಕಲ್ಲ. ಮೈಯೆಲ್ಲ ದಣಿಯಿತು. 2019ರಲ್ಲಿ ಪೂರ್ತಿ ಸಜ್ಜಾಗಿದ್ದವು ಬೆರಳೆಣಿಕೆಯಷ್ಟು. ತೀರಾ ಸವೆದ ಒಂದೊಂದನ್ನು ಸರಿಪಡಿಸಲು 1ರಿಂದ 3 ಕೋಟಿ ಡಾಲರ್ ಬೇಕಾದೀತು ಎಂದ ಅಮೆರಿಕದ ವಾಯುಪಡೆ, 2021ರಲ್ಲಿ 17 ವಿಮಾನಗಳನ್ನು ಮೂಲೆಗೆ ಸೇರಿಸಿತು. ಉಳಿದದ್ದು 45. ಅತ್ತ 1952ರಲ್ಲಿ ಮೊದಲು ಹಾರಿದ, ಶಬ್ದದ ವೇಗ ಮುಟ್ಟದ ಬಿ-52 ಮಾತ್ರ ಹೊಸ ಎಂಜಿನ್ ಹಾಕಿಸಿಕೊಂಡು 2050ರ ದಶಕದವರೆಗೆ ಹಾರಲು ತಯಾರಾಗುತ್ತಿದೆ!

ನಮಗೆ ಬೇಕೇ? ನನ್ನ ಮಟ್ಟಿಗೆ ಬೇಡ. ನಮ್ಮಲ್ಲಿ ಬಾಂಬರ್ ಇರಲೇ ಇಲ್ಲ ಅಂತಲ್ಲ. ಕ್ಯಾನ್‌ಬೆರಾ 1957ರಿಂದ 2007ರವರೆಗೆ ದುಡಿಯಿತು. ಅದು ಹೋದ ಮೇಲೆ ಆ ಕೆಲಸವನ್ನು ಫೈಟರ್ ವಿಮಾನಗಳೇ ಮಾಡುತ್ತಿವೆ. ಎರಡೂವರೆ ಟನ್ ತೂಕದ ಬ್ರಹ್ಮೋಸ್ ಕ್ಷಿಪಣಿ ಹೊತ್ತ ಸುಖೋಯ್-30, ದೂರ ನಿಂತೇ ಹೊಡೆಯುತ್ತದೆ. ಶಬ್ದಕ್ಕಿಂತ ಮೂರು ಪಟ್ಟು ಹತ್ತಿರದ ವೇಗ ಇರುವುದು ಕ್ಷಿಪಣಿಗೆ, ವಿಮಾನಕ್ಕಲ್ಲ. ನಮಗೆ ನಿಜಕ್ಕೂ ಕೊರತೆ ಇರುವುದು ಟ್ಯಾಂಕರ್ ವಿಮಾನಗಳದ್ದು. ಕೊಂಡಿದ್ದು ಬರೀ ಆರು ಐಎಲ್-78. ದುಡ್ಡಿದ್ದರೆ ಮೊದಲು ಅಲ್ಲಿಗೆ ಹಾಕಬೇಕು.

ಪ್ರಶ್ನೆ: ರಷ್ಯಾದ ಟಿಯು-160 ಬಾಂಬರ್ ಇದಕ್ಕಿಂತ ವೇಗವಂತೆ, ಹೌದೇ?
(ಹಾಸನದ ವಿದ್ಯಾರ್ಥಿ)

ಉತ್ತರ: ಹೌದು. ಮ್ಯಾಕ್ 2 ದಾಟುತ್ತದೆ, 275 ಟನ್ ತೂಕದೊಂದಿಗೆ ಏರುತ್ತದೆ. ಹೊಸದಾಗಿ ಹತ್ತು ತಯಾರಿಸಲು 2018ರಲ್ಲಿ ರಷ್ಯಾ 16 ಸಾವಿರ ಕೋಟಿ ರೂಬಲ್ ಕೊಡಲು ಒಪ್ಪಿತು. ಆದರೆ ಅದೂ ಕ್ರೂಸ್ ಕ್ಷಿಪಣಿಗಳನ್ನು ಬಿಡುವುದು ಬಹು ದೂರದಿಂದ. ಗುರಿಯ ಹತ್ತಿರವೇ ಹೋಗದವನಿಗೆ ಓಟದ ವೇಗ ಎಷ್ಟಿದ್ದರೇನು?

ಪ್ರಶ್ನೆ: ಏರ್ ಶೋ ದಿನ ಕಿಟಕಿ ಗಾಜು ಗಡಗಡ ಅಂದವು. ಅದು ಸಾನಿಕ್ ಬೂಮಾ?
(ಜಕ್ಕೂರಿನ ಓದುಗರು)

ಉತ್ತರ: ಅಲ್ಲ. ಸಾನಿಕ್ ಬೂಮ್ ಅಂದರೆ ವಿಮಾನ ಶಬ್ದಕ್ಕಿಂತ ವೇಗವಾಗಿ ಹೋದಾಗ ಕೇಳುವ ಸಿಡಿತ. ಜನರ ತಲೆಯ ಮೇಲೆ ಶಬ್ದದ ವೇಗ ದಾಟಲು ಬಿಡುವುದಿಲ್ಲ. ನೀವು ಕೇಳಿದ್ದು ಆಫ್ಟರ್‌ಬರ್ನರ್ ಸದ್ದು. ಅದು ಎಳೆದೆಳೆದು ಬರುತ್ತದೆ, ವಿಮಾನ ಹೋದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಸಾನಿಕ್ ಬೂಮ್ ಹಾಗಲ್ಲ, ಪಟಾಕಿ ಹೊಡೆದಂತೆ ಒಂದೋ ಎರಡೋ ಏಟು, ಅಷ್ಟೇ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರೆಲ್ಲ ಬೆಚ್ಚಿಬಿದ್ದು, ಭೂಕಂಪವೋ ಏನೋ ಅಂತ ಮನೆಯಿಂದ ಹೊರಗೆ ಬಂದಿತ್ತಲ್ಲ, ಅದು ನಗರದ ಹೊರಗೆ ನಡೆದ ವಾಯುಪಡೆಯ ಪರೀಕ್ಷಾ ಹಾರಾಟದ ಬೂಮ್.