ಪ್ರತಿಕ್ರಿಯೆ: ಬ್ರ್ಯಾಂಡ್ ನ್ಯೂ ಹೆವೀಸ್‌ನ ಮೊದಲ ಆಲ್ಬಮ್‌ನಲ್ಲಿ ದನಿ ಏಕೆ ಬೇರೆ?

ಬ್ರಿಟನ್ನಿನ ಫಂಕ್ (ಬಾಸ್, ಡ್ರಮ್ಸ್ ಲಯವೇ ಮುಂದಿರುವ ಸಂಗೀತ) ತಂಡ ಬ್ರ್ಯಾಂಡ್ ನ್ಯೂ ಹೆವೀಸ್‌ನ ಮೊದಲ ಆಲ್ಬಮ್ ಕೇಳಿದ ಗೆಳೆಯರಿಬ್ಬರು ಗಾಯಕಿ ಯಾರೆಂಬುದನ್ನು ಒಪ್ಪುತ್ತಿಲ್ಲ, ಏಕೆ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ಒಂದೇ ಹೆಸರಿನ ಆ ಆಲ್ಬಮ್ ಎರಡು ರೂಪಗಳಲ್ಲಿದೆ. ಗೆಳೆಯರಿಬ್ಬರಿಗೆ ಬೇರೆ ಬೇರೆ ಗಾಯಕಿ ಕೇಳಿಸಿದ್ದು ಅದಕ್ಕೇ.

ಸೈಮನ್ ಬಾರ್ಥಲೋಮ್ಯೂ (ಗಿಟಾರ್), ಆಂಡ್ರ್ಯೂ ಲೀವಿ (ಬಾಸ್, ಅಂದರೆ ತಗ್ಗು ಸ್ವರದ ಗಿಟಾರ್), ಜ್ಯಾನ್ ಕಿಂಕೇಡ್ (ಡ್ರಮ್ಸ್) ಲಂಡನ್ನಿನ ಈಲಿಂಗ್‌ನಲ್ಲಿ 1985ರಲ್ಲಿ ಕಟ್ಟಿದ ತಂಡ ಇದು. ಮೊದಲಿಗೆ ಹಾಡಿಗಿಂತ ವಾದ್ಯಕ್ಕೇ ಒತ್ತು. 1990ರಲ್ಲಿ ಆ್ಯಸಿಡ್ ಜ್ಯಾಝ್ ಎಂಬ ರೆಕಾರ್ಡ್ ಕಂಪನಿ ತಂದ ಬ್ರಿಟನ್ ರೂಪದಲ್ಲಿ ಜೇ ಎಲಾ ರೂತ್ ಅವರ ದನಿಯಿದೆ. ಆಮೇಲೆ ಅಮೆರಿಕದ ಡೆಲಿಷಿಯಸ್ ವಿನೈಲ್ ಕಂಪನಿ ಕೈಹಾಕಿ, ಎನ್‌ಡೀಯಾ ಡ್ಯಾವೆನ್‌ಪೋರ್ಟ್ ಅವರಿಂದ ಹಾಡಿಸಿತು. ಕೊಳ್ಳುವ ಮುನ್ನ ಹಾಡುಗಳ ಪಟ್ಟಿ ನೋಡಿ: 'ನೆವರ್ ಸ್ಟಾಪ್' ಇದ್ದರೆ ಅದು ಎನ್‌ಡೀಯಾ ಹಾಡಿದ ರೂಪ. ಮುಖಪುಟದ ಹೆಸರನ್ನಷ್ಟೇ ನಂಬಿದರೆ ಮೋಸಹೋಗುತ್ತೀರಿ.

ಕೇಳುವ ಕ್ರಮದ ಬಗ್ಗೆ: ಎನ್‌ಡೀಯಾ ರೂಪದಿಂದ ಶುರುಮಾಡಿ, 1994ರ 'ಬ್ರದರ್ ಸಿಸ್ಟರ್'ಗೆ ಹೋಗಿ. ತಂಡ ಅಲ್ಲಿ ಪೂರ್ತಿ ಪಕ್ವ. ನಡುವಿನ 1992ರ 'ಹೆವಿ ರೈಮ್ ಎಕ್ಸ್‌ಪೀರಿಯೆನ್ಸ್'ನಲ್ಲಿ ಗ್ಯಾಂಗ್ ಸ್ಟಾರ್, ಫಾರ್‌ಸೈಡ್ ಮುಂತಾದ ರ‍್ಯಾಪರ್‌ಗಳು ಬರುತ್ತಾರೆ. ಹಳೆಯ ರೆಕಾರ್ಡಿನ ತುಣುಕಿನ ಮೇಲಲ್ಲ, ತಂಡವೇ ನುಡಿಸಿದ ಬಾಸ್ ಮತ್ತು ಡ್ರಮ್ಸ್ ಮೇಲೆ ಹಾಡುತ್ತಾರೆ. ಫಂಕ್ ಅಂದರೇನೆಂದು ತಿಳಿಯಲು ಇದನ್ನು ಹೆಡ್‌ಫೋನ್‌ನಲ್ಲೇ ಕೇಳಬೇಕು. ಮೊಬೈಲ್ ಸ್ಪೀಕರ್‌ನಲ್ಲಿ ಲೀವಿಯ ಬಾಸ್ ಮಾಯವಾಗುತ್ತದೆ.

1997ರ 'ಶೆಲ್ಟರ್'ನಲ್ಲಿ ಸೈಡಾ ಗ್ಯಾರೆಟ್ ಹಾಡಿದ್ದಾರೆ: ನುಣುಪು ಹೆಚ್ಚು, ಕಸುವು ಕಡಿಮೆ ಎಂಬುದು ನನ್ನ ಅಭಿಪ್ರಾಯ. ಎನ್‌ಡೀಯಾ ಮರಳಿದ್ದು 2006ರ 'ಗೆಟ್ ಯೂಸ್ಡ್ ಟು ಇಟ್'ಗೆ.